ಹಗೇವಿನೊಳಗೆ ಕೂಗಿದ ಹೆಸರು

೯ ನವೆಂಬರ್ ೧೯೯೭, ಭಾನುವಾರ

ಕೆಂಚಿ ನಿನ್ನೆ ಬೆಳಿಗ್ಗೆಯಿಂದ ಕಾಣುತ್ತಿಲ್ಲ. ಬೆಕ್ಕು ಒಂದು ದಿನ ಮನೆ ಬಿಡುವುದು ದೊಡ್ಡ ಸುದ್ದಿಯೇ ಎಂದು ಓಣಿಯವರೆಲ್ಲ ಕೇಳುತ್ತಾರೆ. ಓಣಿಯವರಿಗೆ ಕೆಂಚಿಯ ರೀತಿ ಗೊತ್ತಿಲ್ಲ. ನಮ್ಮಲ್ಲಿಗೆ ಬಂದಾಗಿನಿಂದ ಅವಳು ಒಂದು ಹೊತ್ತಿನ ಹಾಲು ತಪ್ಪಿಸಿದವಳಲ್ಲ. ಎಡಗಿವಿ ನಾಯಿ ಹರಿದದ್ದು. ಬಾಲದ ತುದಿ ಕೊಕ್ಕೆಯ ಹಾಗೆ ಡೊಂಕು. ಬಟ್ಟಲಿಗೆ ಬಾಯಿ ಹಾಕುವ ಮೊದಲು ಮುಂಗಾಲಿನಿಂದ ಅಂಚನ್ನು ತಟ್ಟಿ ನೋಡಬೇಕು. ನಾನು ಪೇಪರು ಬಿಚ್ಚಿದರೆ ಸರಿಯಾಗಿ ನಾನು ಓದುವ ಸುದ್ದಿಯ ಮೇಲೆಯೇ ಬಂದು ಕೂರಬೇಕು.

ಎಲ್ಲಕ್ಕೂ ಮೂಲ ಈ ಸಿಮೆಂಟ್ ರಸ್ತೆ. ಬೈಲಹೊಂಗಲದ ಈ ಓಣಿಯಲ್ಲೇ ಹುಟ್ಟಿದವನು ನಾನು. ನಿವೃತ್ತನಾಗುವವರೆಗೆ ಇಲ್ಲಿಯ ಮಕ್ಕಳಿಗೆ ಇತಿಹಾಸ ಕಲಿಸಿದ್ದೇನೆ. ಪ್ರತಿ ಮಳೆಗಾಲ ಇಲ್ಲಿ ಕೆಸರಾಗಿದೆ, ಯಾರೂ ಅದರಲ್ಲಿ ಮುಳುಗಿ ಸತ್ತಿಲ್ಲ. ಆದರೆ ಎದುರುಮನೆ ಶಟ್ಟೆಪ್ಪನಿಗೆ ಓಣಿ ಸುಧಾರಿಸಬೇಕಾಗಿದೆ. ತಾನೇ ಒಂದು ಸಮಿತಿ ಕಟ್ಟಿದ, ತಾನೇ ಅಧ್ಯಕ್ಷನಾದ, ನಿನ್ನೆ ನಮ್ಮ ಮನೆಯ ಮುಂದೆ ಅಗೆಸಿದ. ಅಗೆದಾಗ ನಮ್ಮ ಹಳೆಯ ಹಗೇವು ಸಿಕ್ಕಿತು. ಅಜ್ಜನ ಕಾಲದಲ್ಲಿ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹೊಂಡ. ಒಳಗೆ ಗಡಿಗೆಯಂಥ ಹೊಟ್ಟೆ, ಮೇಲೆ ಒಬ್ಬ ಹುಡುಗ ಇಳಿಯುವಷ್ಟೇ ಬಾಯಿ. ಕಲ್ಲು ಸರಿಸಿ ಹಾಗೇ ಬಿಟ್ಟು ಆಳುಗಳು ಚಹಾಕ್ಕೆ ಹೋಗಿದ್ದರು. ಕೆಂಚಿ ಬಿದ್ದಿರಬಹುದೆಂದು ನಾನು ಬಗ್ಗಿ, ನಾಲ್ಕೈದು ಸಲ ಅವಳ ಹೆಸರು ಹಿಡಿದು ಕೂಗಿದೆ. ಉತ್ತರ ಬರಲಿಲ್ಲ. ಹತ್ತಿ ಮಾರುಕಟ್ಟೆಯ ಕಡೆ ಹುಡುಕಿ ಮರಳುವಷ್ಟರಲ್ಲಿ ಅದೇ ಕಲ್ಲು ಮುಚ್ಚಿ ಮೇಲೆ ಸಿಮೆಂಟು ಸುರಿದಾಗಿತ್ತು. ಹಗೇವನ್ನು ತುಂಬಬೇಕೆಂಬ ಬುದ್ಧಿ ಇಲ್ಲ, ಮನೆಯವರನ್ನು ಕೇಳಬೇಕೆಂಬ ಮರ್ಯಾದೆಯೂ ಇಲ್ಲ.

ಇದನ್ನೆಲ್ಲ ಹೆಂಡತಿ ಇಂದ್ರವ್ವನ ಮುಂದೆ ಹೇಳಿದರೆ ಅವಳು ಸಿಟ್ಟಾಗುವುದು ಸಿಮೆಂಟಿಗಲ್ಲ.

"ಹೆಸರು ಹಿಡದು ಕೂಗಿದ್ರೇನು?"

"ಮತ್ತೇನು, ರೋಲ್ ನಂಬರ್ ಹಿಡದು ಕೂಗಲೇನು?"

"ಹಗೇವಿನಾಗ ಹೆಸರು ಕೂಗಬಾರದಂತ ಸಣ್ಣ ಹುಡುಗೂರಿಗೂ ಗೊತ್ತೈತಿ. ನೀವು ಸಾಲಿ ಕಲತು ಅದನ್ನ ಮರತ್ರಿ."

ಮರೆತಿಲ್ಲ. ನಾನು ಏನನ್ನೂ ಮರೆಯುವವನಲ್ಲ. ನಂಬುವುದಿಲ್ಲ, ಅಷ್ಟೇ.

೧೦ ನವೆಂಬರ್, ಸೋಮವಾರ

ಬೆಕ್ಕು ಕಳೆದರೆ ಮಾಡಬೇಕಾದುದನ್ನೆಲ್ಲ ಮಾಡಿದೆ. ಅಟ್ಟ ಹತ್ತಿದೆ, ಹಿತ್ತಿಲ ಬಾವಿಗೆ ಇಣುಕಿದೆ, ಪಕ್ಕದ ಮನೆಗಳ ಹೊಟ್ಟಿನ ಕೋಣೆ ತೆಗೆಸಿದೆ. ಎಷ್ಟೋ ಸಲ ಬೆಕ್ಕನ್ನು ಒಳಗಿಟ್ಟೇ ಬೀಗ ಹಾಕಿರುತ್ತಾರೆ. ಅವಳು ಮಲಗುತ್ತಿದ್ದ ಗೋಣಿತಟ್ಟನ್ನು ತೊಳೆಯದೆ ಹೊಸ್ತಿಲ ಹೊರಗೆ ಹಾಸಿದೆ. ತನ್ನ ವಾಸನೆ ಹಿಡಿದಾದರೂ ಬಂದಾಳು. ಪಕ್ಕದ ಮನೆಯ ಮಾಯವ್ವ ಬಂದು, "ಸೆರಗಿಗೊಂದು ಗಂಟ ಹಾಕವಾ ಇಂದ್ರವ್ವ, ಸಿಕ್ಕ ದಿನ ಬಿಚ್ಚೀಯಂತ" ಎಂದಳು. ಇವಳು ಹಾಕಿಯೂ ಬಿಟ್ಟಳು. ನಾನು ನಕ್ಕೆ.

ಹಗೇವಿನ ಮಾತು ಬಂದದ್ದರಿಂದ ಬರೆದಿಡುತ್ತೇನೆ. ಜೋಳ ತೆಗೆಯುವ ದಿನ ಮೊದಲು ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಸಣ್ಣದಾಗಿ ಆರಿತೋ, ಒಳಗೆ ಮನುಷ್ಯ ಬದುಕುವುದಿಲ್ಲ. ಉರಿಯಿತೋ, ಹುಡುಗನ ನಡುವಿಗೆ ಹಗ್ಗ ಕಟ್ಟಿ ಇಳಿಸಬಹುದು. ಮೇಲಿನವರು "ಹೋ" ಎನ್ನಬೇಕು, ಒಳಗಿನವನು "ಹೋ" ಎನ್ನಬೇಕು. ಉತ್ತರ ನಿಂತರೆ ಹಗ್ಗ ಎಳೆಯುವುದು. ಹೆಸರು ಮಾತ್ರ ಹಿಡಿಯಬಾರದು. ಹಗೇವು ಹೆಸರನ್ನು ಇಟ್ಟುಕೊಳ್ಳುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಇಳಿಯುವವನು ನಾನೇ ಆಗಿದ್ದೆ. ಒಂದು ಸಲ ನಾನು ಒಳಗಿದ್ದಾಗ ಕಂದೀಲು ಮಿಣುಕಿತು, ನನ್ನ ಬಾಯಿಂದ "ಹೋ" ಬರಲಿಲ್ಲ. ಅವ್ವ ನಿಯಮ ಮರೆತು "ಗಂಗೂ!" ಎಂದು ಚೀರಿದಳು. ಎಳೆದು ಹಾಕಿದರು, ಬದುಕಿದೆ. ಅಜ್ಜಿ ಅವ್ವನ ಜೊತೆ ಮಾತು ಬಿಟ್ಟಳು. ಅಂದಿನಿಂದ ಅವ್ವ ನನ್ನನ್ನು ಗಂಗೂ ಎಂದು ಕರೆಯಲೇ ಇಲ್ಲ. ಸಾಯುವವರೆಗೂ ಗಂಗಯ್ಯ, ಪರರ ಮಗನನ್ನು ಕರೆದ ಹಾಗೆ. ಮೂಢನಂಬಿಕೆ ಒಂದು ಮನೆಯ ಪ್ರೀತಿಯನ್ನು ಹೇಗೆ ಕಸಿಯುತ್ತದೆ ಎಂಬುದಕ್ಕೆ ಇದನ್ನು, ಹೆಸರು ಹೇಳದೆ ಯಾರದೋ ಮನೆಯ ಕಥೆಯೆಂದು, ತರಗತಿಯಲ್ಲಿ ಉದಾಹರಣೆ ಕೊಡುತ್ತಿದ್ದೆ.

೧೨ ನವೆಂಬರ್, ಬುಧವಾರ

ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯ ತುದಿಯ ಹಿಟ್ಟಿನ ಗಿರಣಿ ನಿಂತಿತು. ಇಡೀ ದಿನ ಕಿವಿಯಲ್ಲಿ ತುಂಬಿರುವ ಆ ಸದ್ದು ನಿಂತಾಗಲೇ ಅದು ಇತ್ತೆಂದು ತಿಳಿಯುವುದು. ಉಂಡು ಹೊಸ್ತಿಲ ಮೇಲೆ ಕೂತಿದ್ದೆ.

ನೆಲದ ಕೆಳಗಿನಿಂದ ಒಂದು ಮಿಯಾಂವ್ ಕೇಳಿತು. ಸಣ್ಣಗೆ, ದೂರದಿಂದ, ಆದರೆ ಸ್ಪಷ್ಟವಾಗಿ. ಕೆಂಚಿ.

ಕರೆಂಟ್ ಬಂತು. ಗಿರಣಿ ಶುರುವಾಯಿತು. ಮತ್ತೆ ಕೇಳಲಿಲ್ಲ.

ಅವಳು ಬದುಕಿದ್ದಾಳೆ. ಬದುಕಿರುವ ಜೀವದ ಮೇಲೆ ಸಿಮೆಂಟು ಸುರಿದಿದ್ದಾರೆ.

೧೪ ನವೆಂಬರ್, ಶುಕ್ರವಾರ. ಗೌರಿ ಹುಣ್ಣಿಮೆ

ಸಂಜೆ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆ ಇಟ್ಟ ಆರತಿ ಹಿಡಿದು ಹೊಸ ರಸ್ತೆಯ ಮೇಲೆ ಹೊರಟಿದ್ದರು. ಶಟ್ಟೆಪ್ಪ ಮದುವೆಮನೆಯ ಹಿರಿಯನ ಹಾಗೆ ಕಟ್ಟೆಯ ಮೇಲೆ ನಿಂತಿದ್ದ. ಹೋಗಿ ಕೇಳಿಯೇ ಬಿಟ್ಟೆ.

"ಶಟ್ಟೆಪ್ಪ, ನಾಳೆ ಮುಂಜಾನೆ ಈ ಸಿಮೆಂಟ ಒಡಸಬೇಕು. ನಮ್ಮ ಕೆಂಚಿ ಒಳಗೈತಿ."

"ಮಾಸ್ತರ್ರ, ಇನ್ನೂ ನೀರ ಕುಡದು ಗಟ್ಟಿ ಆಗಿಲ್ಲದು, ಅಷ್ಟರಾಗ ಒಡೀರಿ ಅಂತೀರಲ್ರಿ. ಕಲ್ಲ ಮುಚ್ಚೂ ಮುಂದ ಬ್ಯಾಟರಿ ಬಿಟ್ಟು ನೋಡೇನ್ರಿ. ಒಂದ್ ಇಲಿ ಸೈತ ಇರ್ಲಿಲ್ಲ."

"ನನ್ನ ಕಿವಿಲೆ ಕೇಳೇನಿ."

ಪಾಪ, ಮನುಷ್ಯ ಕೆಟ್ಟವನಲ್ಲ. ಧೋತರ ಎತ್ತಿ ಕಟ್ಟಿ, ಎಲ್ಲರೆದುರು ರಸ್ತೆಯ ಮೇಲೆ ಅಡ್ಡ ಬಿದ್ದು ಕಿವಿ ಇಟ್ಟ. ಹುಡುಗಿಯರು ಹಾಡು ನಿಲ್ಲಿಸಿ ನಕ್ಕರು. "ಅಧ್ಯಕ್ಷರು ರಸ್ತೆಕ್ಕ ದೀಡ ನಮಸ್ಕಾರ ಹಾಕಾಕತ್ತಾರ" ಎಂದು ಯಾರೋ ಅಂದರು. ಶಟ್ಟೆಪ್ಪ ಎದ್ದು ಕಿವಿ ಒರೆಸಿಕೊಂಡು, "ಏನೂ ಇಲ್ರಿ. ಥಂಡಿ ಐತಿ, ಅಷ್ಟ" ಎಂದ.

ಮನೆಗೆ ಬಂದು ಇಂದ್ರವ್ವನಿಗೆ, ನಿನಗೂ ಕೇಳಿಸಿಲ್ಲವೇ ಎಂದೆ. ಆರತಿ ತಟ್ಟೆ ಇಳಿಸುತ್ತಿದ್ದವಳು ನನ್ನ ಕಡೆ ನೋಡಲಿಲ್ಲ.

"ಕೇಳೇತಿ. ಮೊನ್ನೆ ಕರೆಂಟ್ ಹ್ವಾದಾಗ."

"ಮತ್ತ ಹೇಳಬೇಕಿಲ್ಲೇನು ಶಟ್ಟೆಪ್ಪಗ!"

"ಅದು ಕೆಂಚಿ ಅಲ್ರಿ. ನೀವು ಹೆಸರು ಕೂಗಿದ್ರಲ್ಲ, ಅದನ್ನ ಇಟ್ಕೊಂಡ ಹಗೇವು ಅದು. ಬೆಕ್ಕು ಉಸರ ತಗೋತೈತಿ, ನಡುವ ನಿಂದರತೈತಿ. ಇದು ನಿಂದರೂದಿಲ್ಲ. ನಿಮ್ಮ ಕಾಲ ಬೀಳತೇನಿ, ಅದಕ್ಕ ತಿರುಗಿ ಮಾತಾಡಬ್ಯಾಡ್ರಿ."

ಮೆಟ್ರಿಕ್ ಪಾಸಾದ ಹೆಂಗಸು ಆಡುವ ಮಾತೇ ಇದು?

೧೯ ನವೆಂಬರ್, ಬುಧವಾರ

ಬೆಕ್ಕು ಇಷ್ಟು ದಿನ ನೀರಿಲ್ಲದೆ ಹೇಗೆ ಬದುಕೀತು ಎಂದು ಮಾಯವ್ವ ಕೇಳಿದಳು. ನ್ಯಾಯವಾದ ಪ್ರಶ್ನೆ. ಹಳೆಯ ಹಗೇವುಗಳಲ್ಲಿ ಗೋಡೆಯಿಂದ ನೀರು ಜಿನುಗುತ್ತದೆ, ಹುಳುಹುಪ್ಪಟೆ ಇರುತ್ತವೆ. ಹೊರಗಿನ ದೇಶಗಳಲ್ಲಿ ಭೂಕಂಪವಾದಾಗ ಬೆಕ್ಕುಗಳು ಬಹಳ ದಿನಗಳ ಮೇಲೆ ಜೀವಂತ ಸಿಕ್ಕದ್ದನ್ನು ಓದಿದ್ದೇನೆ. ಅದೂ ಅಲ್ಲದೆ, ನಮ್ಮ ಹೊಸ್ತಿಲ ಕಲ್ಲಿಗೂ ಸಿಮೆಂಟಿಗೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದಾರೆ. ಗುತ್ತಿಗೆದಾರನ ಸೋಮಾರಿತನ ಒಂದು ಜೀವ ಉಳಿಸಿದೆ. ಅಲ್ಲಿ ಹಾಲು ಸುರಿದೆ. ತೊಟ್ಟೂ ಹೊರಗೆ ನಿಲ್ಲದೆ ಒಳಗೆ ಹೋಯಿತು.

ಆ ಸಂದಿಯಿಂದ ಹಗೇವಿನ ಜೋಳದ ವಾಸನೆ ಬರುತ್ತದೆ. ತೇವದ, ತುಸು ಹುಳಿಯ ವಾಸನೆ. ಆ ಹಿಟ್ಟಿನ ರೊಟ್ಟಿಯನ್ನು ಒಲ್ಲೆನೆಂದು ಅಳುತ್ತಿದ್ದವನು ನಾನು. ಈಗ ಅದರ ಹತ್ತಿರ ಕೂತರೆ ಹಸಿವಾಗುತ್ತದೆ.

೨೪ ನವೆಂಬರ್, ಸೋಮವಾರ

ನಾನು ಕೆಂಚೀ ಎಂದರೆ ಅದು ಕೂಗುತ್ತದೆ. ಸುಮ್ಮನಾದರೆ ಸುಮ್ಮನಾಗುತ್ತದೆ. ಇದಕ್ಕಿಂತ ಇನ್ನೇನು ಪುರಾವೆ ಬೇಕು?

೩೦ ನವೆಂಬರ್, ಭಾನುವಾರ. ಛಟ್ಟಿ ಅಮಾವಾಸ್ಯೆ

ಇಂದಿನ ನಾಟಕವನ್ನು ನಡೆದದ್ದು ನಡೆದ ಹಾಗೆ ಬರೆದಿಡುತ್ತೇನೆ.

ಹತ್ತು ಗಂಟೆಯ ಸುಮಾರಿಗೆ ಶಟ್ಟೆಪ್ಪ ಕೈಚೀಲ ಎದೆಗವಚಿಕೊಂಡು ನಗುತ್ತ ಬಂದ. "ಮಾಸ್ತರ್ರ, ಪೇಢಾ ಕೊಡಸ್ರಿ! ನೇಸರಗಿಯಾಗ ನಮ್ಮ ಬೀಗರ ಮನಿ ಬಾಜೂಕ ಗಿರಣಿ ಐತಲ್ರಿ, ಅಲ್ಲಿ ಹಿಟ್ಟಿನಾಗ ಬಿದ್ದ ಹೊಳ್ಳಾಡಾಕತ್ತಿತ್ರಿ. ಸಿಮೆಂಟ ತಂದ ಟ್ರ್ಯಾಕ್ಟರ್ ನೇಸರಗೀದ ಅಲ್ರಿ? ಖಾಲಿ ಚೀಲದಾಗ ಮಲಗಿ ಹಂಗ ಹೋಗಿರಬೇಕು. ಬಸ್ಸಿನಾಗ ಒಂದ ಸಮನ ಒದರಿತ್ರಿ. ಕಂಡಕ್ಟರ್, ಕೂಸಿಗೆ ಹಾಲ ಕುಡಸೂದಿಲ್ಲೇನೋ ಅಂದ!"

ಚೀಲದಿಂದ ಒಂದು ಬೆಕ್ಕು ಹೊರಬಂತು. ಕೆಂದು ಬಣ್ಣ. ಇಂದ್ರವ್ವ ಒಳಗಿನಿಂದ ಓಡಿಬಂದು ಅದನ್ನು ಎತ್ತಿಕೊಂಡು ಅತ್ತಳು. ಸೆರಗಿನ ಗಂಟು ಬಿಚ್ಚಿದಳು.

ಎಡಗಿವಿ ಹರಿದಿತ್ತು, ನಿಜ. ಓಣಿಯ ಬೆಕ್ಕುಗಳಲ್ಲಿ ಕಿವಿ ಹರಿಯದ ಬೆಕ್ಕು ಯಾವುದು? ಬಾಲದ ತುದಿ ಡೊಂಕಿತ್ತು. ಬಟ್ಟಲಿಟ್ಟರೆ ಅಂಚು ತಟ್ಟಿ ನೋಡಿ ಕುಡಿಯಿತು. ಇದೆಲ್ಲ ಸರಿ. ಆದರೆ ನನ್ನ ಕೆಂಚಿ ನನ್ನನ್ನು ಕಂಡು ಹೆದರುತ್ತಾಳೆಯೇ? ನಾನು ಹತ್ತಿರ ಬಗ್ಗಿದೆ. ಬಾಲವನ್ನು ಬಾಟಲಿ ತೊಳೆಯುವ ಕುಂಚದ ಹಾಗೆ ಉಬ್ಬಿಸಿ, ನನ್ನ ಕೈಯ ವಾಸನೆ ಹಿಡಿದು, ಹೊಸ್ತಿಲ ಕಲ್ಲನ್ನು ತುಳಿಯದೆ ಒಂದೇ ನೆಗೆತಕ್ಕೆ ದಾಟಿ ಮಾಯವ್ವನ ಮನೆ ಹೊಕ್ಕಿತು.

"ಇದು ನಮ್ಮದಲ್ಲ" ಎಂದೆ.

ಶಟ್ಟೆಪ್ಪ ಖಾಲಿ ಚೀಲವನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.

೩ ಡಿಸೆಂಬರ್, ಬುಧವಾರ

ಎಲ್ಲ ಒಂದಾಗಿದ್ದಾರೆ. ರಸ್ತೆ ಒಡೆಯುವುದು ತಪ್ಪಬೇಕೆಂದು ಎಲ್ಲಿಂದಲೋ ಒಂದು ಬೆಕ್ಕು ತಂದು ನಂಬು ಎನ್ನುತ್ತಾರೆ. ಇತಿಹಾಸದಲ್ಲಿ ಇದು ಹೊಸದಲ್ಲ. ಸತ್ತ ರಾಜಕುಮಾರನೇ ಮರಳಿ ಬಂದನೆಂದು ವೇಷಧಾರಿಗಳನ್ನು ನಿಲ್ಲಿಸಿದ್ದನ್ನು ಎಷ್ಟು ಓದಿಲ್ಲ. ಮೈಗುರುತುಗಳನ್ನೆಲ್ಲ ಹೊಂದಿಸುತ್ತಾರೆ. ಗುರುತುಗಳು ಹೆಚ್ಚು ಹೊಂದಿದಷ್ಟೂ ಸಂಶಯ ಹೆಚ್ಚಬೇಕು.

ಇಂದ್ರವ್ವ ಆ ಬೆಕ್ಕಿಗೆ ಮಾಯವ್ವನ ಮನೆಯಲ್ಲಿ ಹಾಲು ಹಾಕುತ್ತಾಳೆ. ಇಂದು ಪೇಪರು ಓದುತ್ತಿದ್ದೆ, ಅದು ಕಿಟಕಿಯ ಹೊರಗೆ ಕೂತು ಪೇಪರನ್ನೇ ನೋಡುತ್ತಿತ್ತು. ಯಾರೋ ಚೆನ್ನಾಗಿ ಕಲಿಸಿ ಕಳಿಸಿದ್ದಾರೆ. ಚಪ್ಪಲಿ ಎಸೆದೆ.

೯ ಡಿಸೆಂಬರ್, ಮಂಗಳವಾರ

ಬೆಳಿಗ್ಗೆ ಶಟ್ಟೆಪ್ಪ ಹಾರೆ, ಸುತ್ತಿಗೆ, ಆಳುಗಳ ಸಮೇತ ಬಂದ.

"ಆತ್ರಿ ಮಾಸ್ತರ್ರ. ರಸ್ತೆ ಹ್ವಾದ್ರ ಹೋಗ್ಲಿ. ಒಡದು ತಗದು ನಿಮ್ಮ ಕಣ್ಣಿಗೆ ತೋರಸ್ತೇನಿ. ಒಂದ್ ಸಲ ಒಳಗ ನೋಡ್ರಿ, ಮನಸ ಹಗುರಾಕ್ಕೈತಿ."

ಆಳು ಹಾರೆ ಎತ್ತಿದ. ನಾನು ಹೋಗಿ ಅದರ ಕೆಳಗೆ ನಿಂತೆ.

ಅವರಿಗೆ ಹೇಳಿದ ಕಾರಣಗಳೆಲ್ಲ ಸರಿಯಾದವೇ. ಇಷ್ಟು ದಿನ ಕತ್ತಲಲ್ಲಿದ್ದ ಜೀವಕ್ಕೆ ಒಮ್ಮೆಲೆ ಬೆಳಕು ಬಿದ್ದರೆ ಕಣ್ಣು ಹೋಗುತ್ತದೆ. ಕಲ್ಲು ಜಾರಿ ಒಳಗೆ ಬೀಳಬಹುದು. ಕೆಟ್ಟ ಗಾಳಿ ಇದ್ದೀತು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಅದು ನೆಮ್ಮದಿಯಿಂದಿದೆ. ಹಾಲು ಮುಟ್ಟುತ್ತದೆ, ನಾನಿದ್ದೇನೆ. ತೆಗೆಯುವ ಅವಸರ ಏನು?

ಶಟ್ಟೆಪ್ಪ ಆಳಿನ ಕೈಯಿಂದ ಹಾರೆ ತೆಗೆದು ಕೆಳಗಿಟ್ಟ. "ಯಕ್ಕಾ," ಎಂದು ಇಂದ್ರವ್ವನಿಗೆ ಹೇಳಿದ, "ಮಾಸ್ತರ್ರನ್ನ ಧಾರವಾಡಕ್ಕರ ಕರಕೊಂಡ ಹೋಗೂಣಲ್ಲ, ಡಾಕ್ಟರ್ ಕಡೆ." ನಾನಿಲ್ಲದ ಹಾಗೆ, ನನ್ನ ಎದುರಿಗೇ.

೧೬ ಡಿಸೆಂಬರ್, ಮಂಗಳವಾರ

ಇಂದ್ರವ್ವ ರಾಮದುರ್ಗಕ್ಕೆ, ತಮ್ಮನ ಮನೆಗೆ ಹೋದಳು. ಬುಟ್ಟಿಯೊಳಗೆ ಆ ಬೆಕ್ಕು. ನನ್ನ ಅಂಗಿಗಳನ್ನೂ ಟ್ರಂಕಿನಲ್ಲಿ ಹಾಕಿದ್ದಳು. ನಾನು ತೆಗೆದು ಗೂಟಕ್ಕೆ ಹಾಕಿದೆ.

"ನೀವೂ ಬರ್ರಿ. ನಾಕ ದಿನ ಇದ್ದು ಬರೂಣು."

"ಅದಕ್ಕ ಹಾಲ ಯಾರು ಹಾಕತಾರ?"

"ನಿಮ್ಮ ಬೆಕ್ಕ ನನ್ನ ಬುಟ್ಟಿಯಾಗೈತ್ರಿ. ಒಂದ್ ಸಲ ಮುಟ್ಟಿ ನೋಡ್ರಿ, ನನ್ನ ಸಲವಾಗಿ."

ಬುಟ್ಟಿಯ ಬಾಯಿ ತೆಗೆದಳು. ಅದು ಮೂಲೆಗೆ ಒತ್ತಿಕೊಂಡು ನನ್ನನ್ನು ನೋಡಿತು. ನಾನು ಮುಟ್ಟಲಿಲ್ಲ. ಅವಳು ಹೊಸ್ತಿಲ ಕಲ್ಲನ್ನು ದಾಟಿ, ತಿರುಗಿ ನಿಂತು, "ಹೆಸರ ಹಿಡದು ಕರದ್ರ ಓ ಅನಬ್ಯಾಡ್ರಿ. ನಾ ಬಂದು ಒಳಗ ಕಾಲಿಟ್ಟ ಮ್ಯಾಲ ಮಾತಾಡಸ್ತೇನಿ. ಅಲ್ಲೀತನಕ ಯಾರ ಕರದ್ರೂ ಅನಬ್ಯಾಡ್ರಿ" ಎಂದಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು, ಹುಷಾರು ಎಂದೆ.

ಹೋದ ಮೇಲೆ ಮನೆಯಲ್ಲಿ ಗಾಳಿ ಕಡಿಮೆಯಾದಂತಿದೆ. ಚಳಿಗಾಲದಲ್ಲಿ ಹೀಗೇ.

೨೧ ಡಿಸೆಂಬರ್, ಭಾನುವಾರ

ಈಗ ಅದು ಬೆಕ್ಕಿನ ಹಾಗೆ ಕೂಗುವುದು ಕಡಿಮೆ. ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು. ಆಮೇಲೆ "ಹೋ". ನಾನೂ ಹೋ ಎಂದೆ. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಅದರಲ್ಲಿ ಹೆಸರೇ ಇಲ್ಲ.

ನಿದ್ದೆ ಚೆನ್ನಾಗಿ ಬರುತ್ತಿದೆ. ಪೇಪರಿನವನಿಗೆ ಪೇಪರು ಬೇಡವೆಂದೆ.

೨೯ ಡಿಸೆಂಬರ್, ಸೋಮವಾರ. ಎಳ್ಳ ಅಮಾವಾಸ್ಯೆ

ಮಾಯವ್ವ ಕಡಬು, ಸಜ್ಜಿ ರೊಟ್ಟಿ, ಎಣ್ಣೆಗಾಯಿ ತಂದಳು. ಹೊಸ್ತಿಲು ದಾಟದೆ ಹೊರಗಿನಿಂದಲೇ ತಾಟು ಚಾಚಿದಳು. ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ.

"ಇಂದ್ರವ್ವ ಇವತ್ತ ಬರ್ತಾಳಂತ್ರಿ, ಮಧ್ಯಾಹ್ನದ ಬಸ್ಸಿಗೆ. ತಮ್ಮನ್ನೂ ಕರಕೊಂಡ. ಬರೂತನಕ ಹೊಸ್ತಿಲ ಮ್ಯಾಲ ಕುಂದರಬ್ಯಾಡ್ರಿ ಮಾಸ್ತರ್ರ. ನಮ್ಮ ಮನಿಗೆ ಬರ್ರಿ. ಉಣ್ಣಾಕ ನಿಮ್ಮ ತಾಟ ಹಾಕಿ ಕುಂತೇವಿ."

ಬರುತ್ತೇನೆ ಎಂದು ಕಳಿಸಿದೆ. ಇಂದು ಹೊಲಗಳಲ್ಲಿ ಭೂಮಿತಾಯಿಗೆ ಚರಗ ಚೆಲ್ಲುವ ದಿನ. ನಮಗೆ ಹೊಲ ಉಳಿದಿಲ್ಲ. ಕಡಬು ಮುರಿದು, ರೊಟ್ಟಿ ಚೂರು ಮಾಡಿ ರಸ್ತೆಯ ಮೇಲೆ, ಕಲ್ಲಿರುವಷ್ಟು ಜಾಗದ ಸುತ್ತ ಚೆಲ್ಲಿದೆ. ಉಳಿದದ್ದನ್ನು ಸಂದಿಯಲ್ಲಿ ಇಳಿಬಿಟ್ಟೆ. ಓಣಿಯ ಮಕ್ಕಳು ದೂರ ನಿಂತು ನೋಡಿದರು, ನಗಲಿಲ್ಲ. ಹಳೆಯ ಆಚರಣೆಗಳ ಬಗ್ಗೆ ಈಗಿನ ಮಕ್ಕಳಿಗೆ ಗೌರವ ಬಂದಿರುವುದು ಸಂತೋಷ.

ಆಮೇಲೆ ಕರೆಂಟ್ ಹೋಯಿತು. ಗಿರಣಿ ನಿಂತಿತು.

"ಗಂಗೂ."

ಕೆಳಗಿನಿಂದ. ಅವ್ವನ ದನಿ. ಅಂದು ಚೀರಿದ ಹಾಗಲ್ಲ. ಉಣ್ಣಲು ಕರೆದ ಹಾಗೆ. ಆ ಹೆಸರು ಗೊತ್ತಿರುವ ಯಾರೂ ಈಗ ಬದುಕಿಲ್ಲ. ಇಂದ್ರವ್ವನಿಗೆ ಕೂಡ ನಾನದನ್ನು ಹೇಳಿಲ್ಲ. ಸಾಯುವವರೆಗೂ ನನ್ನನ್ನು ಗಂಗಯ್ಯ ಎಂದವಳು ಇಷ್ಟು ವರ್ಷ ಅದನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಳು. ಅಜ್ಜಿಯದು ತಪ್ಪು ತಿಳುವಳಿಕೆ. ಹಗೇವು ಕಸಿದುಕೊಳ್ಳುವುದಿಲ್ಲ, ಕಾಪಿಡುತ್ತದೆ. ಅದು ಇರುವುದೇ ಅದಕ್ಕೆ.

ಎರಡನೇ ಸಲ ಕರೆದಳು. ಇಂದ್ರವ್ವ ಹೇಳಿದ್ದು ನೆನಪಿದೆ. ಆದರೆ ಹೆತ್ತವಳು ಕರೆದಾಗ ಬಾಯಿ ಮುಚ್ಚಿ ಕೂರುವುದು ನಮ್ಮ ಮನೆತನದಲ್ಲಿ ಇಲ್ಲ.

"ಓ" ಎಂದೆ.

ಬಸ್ಸು ಬಂದಿರಬೇಕು, ಓಣಿಯ ತುದಿಯಲ್ಲಿ ಇಂದ್ರವ್ವನ ದನಿ ಕೇಳುತ್ತಿದೆ. ಓಡುತ್ತಿರುವ ಹಾಗಿದೆ, ಈ ವಯಸ್ಸಿನಲ್ಲಿ ಓಡಬಾರದೆಂದು ಎಷ್ಟು ಸಲ ಹೇಳಿಲ್ಲ. ಒಳಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ದೇವರ ಜಗಲಿಯ ಮೇಲಿನ ದೀಪ ಆಗಿನಿಂದ ಸಣ್ಣದಾಗುತ್ತಿದೆ. ಎದ್ದು ನೋಡಿದೆ, ಎಣ್ಣೆ ತುಂಬಿದೆ. ಗಾಳಿಯಂತೂ ಇಲ್ಲವೇ ಇಲ್ಲ. ಬತ್ತಿಯೇ ಸರಿಯಿಲ್ಲ. ಹತ್ತಿ ಬೆಳೆಯುವ ಈ ಊರಿನಲ್ಲಿ ನೆಟ್ಟಗೆ ಉರಿಯುವ ಒಂದು ಬತ್ತಿ ಸಿಗುವುದಿಲ್ಲ ಎಂದರೆ ಏನು ಹೇಳೋಣ. ನಾಳೆ ಅಂಗಡಿಯವನನ್ನು ಕೇಳಬೇಕು.